ಮೈದಾನದ ಪಂಕ್ತಿಭೇದ

ರಾಯಚೂರಿನ ಕಡೆಯಿಂದ ಕೃಷ್ಣೆಯನ್ನು ದಾಟಿ ಮಹಬೂಬನಗರದತ್ತ ಹೋಗುವ ಹೆದ್ದಾರಿಯ ಮೇಲಿನ ಮಕ್ತಲದಲ್ಲಾಗಲಿ, ಕೈಮಗ್ಗದ ಸೀರೆಗಳಿಂದ ನಾಡಿಗೆಲ್ಲ ಪರಿಚಿತವಾದ ನಾರಾಯಣಪೇಟೆಯ ಓಣಿಗಳಲ್ಲಾಗಲಿ, ಹಳೆಯ ಸಂಸ್ಥಾನದ ಕೋಟೆಯನ್ನು ಸುತ್ತುವರಿದು ಬೆಳೆದ ಗದ್ವಾಲದ ಪೇಟೆಯಲ್ಲಾಗಲಿ, ಭಾರತದ ತಂಡ ಆಡುತ್ತಿರುವ ದಿನ ಚಹದ ಹೋಟೆಲೊಂದರ ಒಳಹೊಕ್ಕವನಿಗೆ, ಗೋಡೆಗೆ ಬಿಗಿದ ಟಿವಿಯ ಸದ್ದಿಗಿಂತ ಮೊದಲು ಕಿವಿಗೆ ಬೀಳುವುದು ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಏಕಕಾಲಕ್ಕೆ ನಡೆಯುತ್ತಿರುವ ಒಂದು ನ್ಯಾಯವಿಚಾರಣೆ. ಬೌಲರನೊಬ್ಬ ವಿಕೆಟ್ಟನ್ನು ಕೆಡವಿ, ಔಟಾದವನಿಗೆ ಕೈಮಾಡಿ ದಾರಿ ತೋರಿಸಿದನೆನ್ನಿ. ‘ಹುಡುಗಗ ಸೊಕ್ಕು ಬಂದದ’ ಎಂದು ಬೆಂಚಿನ ಈ ತುದಿಯ ಹಿರಿಯರು ತೀರ್ಪು ಕೊಡುವಷ್ಟರಲ್ಲಿ, ‘ಅವರು ಮಾಡಿದ್ರ ಜೋಶ್, ನಮ್ಮವ ಮಾಡಿದ್ರ ಸೊಕ್ಕೇನು ಕಾಕಾ?’ ಎಂದು ಆ ತುದಿಯ ತರುಣ ಮೇಲ್ಮನವಿ ಸಲ್ಲಿಸಿರುತ್ತಾನೆ.

ತರುಣನ ಪ್ರಶ್ನೆ ಹಗುರವಾದುದಲ್ಲ. ಒಂದೇ ಸಾಲಿನಲ್ಲಿ ಉಣ್ಣಲು ಕುಳಿತವರ ಪೈಕಿ ಒಬ್ಬನ ಎಲೆಗೆ ತುಪ್ಪವನ್ನೂ ಮತ್ತೊಬ್ಬನ ಎಲೆಗೆ ಬರಿಯ ತಿಳಿಸಾರನ್ನೂ ಬಡಿಸುವ ರೂಢಿಯನ್ನು ನಮ್ಮಲ್ಲಿ ಪಂಕ್ತಿಭೇದವೆಂದು ಕರೆದು ಹಳಿಯುತ್ತ ಬಂದಿದ್ದಾರೆ. ಆಟದ ಮೈದಾನದಲ್ಲಿಯೂ ಅಂಥದೊಂದು ಭೇದ ನಡೆಯುತ್ತದೆಂಬುದು, ಅಂದರೆ ಒಂದೇ ವರ್ತನೆಗೆ ಆಟಗಾರನ ಬಣ್ಣ, ಕುಲ, ದೇಶಗಳನ್ನು ನೋಡಿ ಒಮ್ಮೆ ಚಪ್ಪಾಳೆಯೂ ಒಮ್ಮೆ ಛೀಮಾರಿಯೂ ದೊರೆಯುತ್ತದೆಂಬುದು, ಏಷ್ಯಾ, ಆಫ್ರಿಕಾ, ಕೆರಿಬಿಯನ್ ದ್ವೀಪಗಳ ಕ್ರೀಡಾಪಟುಗಳ ಬಹುಕಾಲದ ದೂರು. ಆ ದೂರಿನಲ್ಲಿ ಎಷ್ಟು ನಿಜವಿದೆ, ಎಷ್ಟು ಅಭಿಮಾನದ ಕಣ್ಕಟ್ಟು ಇದೆ ಎಂಬುದನ್ನು ಕೆಲವು ಪ್ರಸಂಗಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು.

ಅಡಿಲೇಡಿನ ಶನಿವಾರ

2024ರ ಡಿಸೆಂಬರ್ 7ರಂದು ಅಡಿಲೇಡಿನಲ್ಲಿ ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ನಡೆಯುತ್ತಿದ್ದ ಹಗಲು-ರಾತ್ರಿಯ ಟೆಸ್ಟಿನ ಎರಡನೆಯ ದಿನ, ಅದೇ ಊರಿನವರಾದ ಟ್ರಾವಿಸ್ ಹೆಡ್ 140 ರನ್ನುಗಳನ್ನು ಬಾರಿಸಿ ಭಾರತದ ಬೌಲರುಗಳನ್ನು ದಣಿಸಿದ್ದ ವೇಳೆಯಲ್ಲಿ, ಹೈದರಾಬಾದಿನ ಮೊಹಮ್ಮದ್ ಸಿರಾಜ್ ಅವರ ಸ್ಟಂಪನ್ನು ಉರುಳಿಸಿ, ಹೊರಡು ಎಂಬಂತೆ ಕೈಸನ್ನೆ ಮಾಡಿದರು. ಹೆಡ್ ಅವರೂ ಸುಮ್ಮನೆ ಹೋಗಲಿಲ್ಲ. ತಾವು ‘ಚೆನ್ನಾಗಿ ಎಸೆದೆ’ ಎಂದಷ್ಟೆ ಹೇಳಿದ್ದಾಗಿ ಅವರು ಆ ಬಳಿಕ ವಿವರಿಸಿದರು. ಅದು ಸುಳ್ಳೆಂದು ಸಿರಾಜ್ ಸಾರಿದರು. ಪ್ರೇಕ್ಷಕರಂತೂ ಆ ಕ್ಷಣದಿಂದ ಸಿರಾಜ್ ಚೆಂಡು ಹಿಡಿದಾಗಲೆಲ್ಲ ಹುಯಿಲೆಬ್ಬಿಸಿದರು. ಮುಂದಿನ ಟೆಸ್ಟಿಗೆ ಬ್ರಿಸ್ಬೇನಿಗೆ ಹೋದಾಗಲೂ ಆ ಹುಯಿಲು ಬೆನ್ನುಹತ್ತಿ ಬಂದಿತು.

ಪಂದ್ಯ ಮುಗಿದ ಮೇಲೆ ಇಬ್ಬರಿಗೂ ತಲಾ ಒಂದು ಡಿಮೆರಿಟ್ ಅಂಕ ಬಿದ್ದಿತು. ಸಿರಾಜ್ ಅವರಿಗೆ ಅದರ ಮೇಲೆ ಪಂದ್ಯದ ಸಂಭಾವನೆಯ ಶೇಕಡ 20ರಷ್ಟು ದಂಡ; ಹೆಡ್ ಅವರಿಗೆ ದಂಡವಿಲ್ಲ. ಗಡಿಯ ಈ ಊರುಗಳಲ್ಲಿ ಎದ್ದ ಮುನಿಸಿಗೆ ಈ ಶೇಕಡ 20 ಒಂದೇ ಕಾರಣವಾಗಿರಲಾರದು. ಸಿರಾಜ್ ಇಲ್ಲಿಯವರಿಗೆ ಎರಡು ಬಗೆಯಿಂದ ನಮ್ಮವರು: ಹುಟ್ಟಿ ಬೆಳೆದದ್ದು ಹೈದರಾಬಾದು, 2018ರಿಂದ 2024ರವರೆಗೆ ಐಪಿಎಲ್ಲಿನಲ್ಲಿ ಆಡಿದ್ದು ಬೆಂಗಳೂರಿನ ತಂಡಕ್ಕೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲದಂಥ ಊರಿನಲ್ಲಿ ಇಬ್ಬಗೆಯ ಅಭಿಮಾನ ಒಂದೇ ಮನೆಯಲ್ಲಿ ಕೂಡಿರುವುದು ಸೋಜಿಗವೇನಲ್ಲ.

ಇದಕ್ಕೊಂದು ಹಿನ್ನೆಲೆಯೂ ಉಂಟು. ಆಟೋರಿಕ್ಷಾ ಓಡಿಸಿ ಮಗನನ್ನು ಸಾಕಿದ ಮೊಹಮ್ಮದ್ ಘೌಸ್ 2020ರ ನವೆಂಬರಿನಲ್ಲಿ ತೀರಿಕೊಂಡಾಗ ಆಸ್ಟ್ರೇಲಿಯಾದಲ್ಲಿದ್ದ ಸಿರಾಜ್, ಮಣ್ಣಿಗೂ ಬರದೆ ಅಲ್ಲಿಯೇ ಉಳಿದು, ಮೆಲ್ಬರ್ನಿನಲ್ಲಿ ತಮ್ಮ ಮೊದಲ ಟೆಸ್ಟನ್ನು ಆಡಿದರು. ಮರು ತಿಂಗಳೇ, 2021ರ ಜನವರಿಯಲ್ಲಿ, ಸಿಡ್ನಿಯ ಬೌಂಡರಿಯ ಬಳಿ ನಿಂತಿದ್ದ ಅವರ ಮೇಲೆ ಗ್ಯಾಲರಿಯಿಂದ ಜನಾಂಗನಿಂದನೆಯ ಮಾತುಗಳು ಬಿದ್ದವು. ಅವರು ಅಂಪೈರರಿಗೆ ದೂರಿತ್ತರು. ಆಟ ಸುಮಾರು 10 ನಿಮಿಷ ನಿಂತಿತು. ಆರು ಮಂದಿಯನ್ನು ಹೊರಗೆ ಕಳಿಸಲಾಯಿತು. ನಿಂದನೆ ನಡೆದದ್ದು ನಿಜವೆಂದು ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ತನಿಖೆಯ ಬಳಿಕ ಒಪ್ಪಿಕೊಂಡಿತಾದರೂ, ನಿಂದಿಸಿದವರು ಆ ಆರು ಮಂದಿಯಲ್ಲವೆಂದು ಹೇಳಿತು. ಇಷ್ಟನ್ನೂ ಕಂಡವರಿಗೆ ಅಡಿಲೇಡಿನ ಹುಯಿಲು ಬರಿಯ ಆಟದ ಹುಯಿಲಾಗಿ ಕೇಳಿಸದಿದ್ದುದರಲ್ಲಿ ತಪ್ಪು ಹುಡುಕುವುದು ಕಷ್ಟ.

ದಂಡದ ಲೆಕ್ಕ

ಆದರೂ ಆ ತೀರ್ಪಿನ ಒಳಗನ್ನು ನೋಡಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ನಡತೆಯ ನಿಯಮಾವಳಿಯಲ್ಲಿ ಅಪರಾಧಗಳಿಗೆ ನಾಲ್ಕು ದರ್ಜೆಗಳುಂಟು. ಮೊದಲ ದರ್ಜೆಯದಕ್ಕೆ ಕನಿಷ್ಠ ಶಿಕ್ಷೆ ಅಧಿಕೃತ ಛೀಮಾರಿ, ಗರಿಷ್ಠ ಶಿಕ್ಷೆ ಸಂಭಾವನೆಯ ಅರ್ಧ. ಜೊತೆಗೆ ಒಂದೋ ಎರಡೋ ಡಿಮೆರಿಟ್ ಅಂಕ. 24 ತಿಂಗಳೊಳಗೆ ಅಂಥ ನಾಲ್ಕು ಅಂಕ ಕೂಡಿದರೆ ಆಟಗಾರ ಪಂದ್ಯದಿಂದ ಹೊರಗುಳಿಯಬೇಕು. ಅಂಪೈರರು ಆರೋಪ ಹೊರಿಸುತ್ತಾರೆ, ರೆಫರಿ ತೀರ್ಪು ಕೊಡುತ್ತಾನೆ. ಆಟಗಾರ ತಪ್ಪೊಪ್ಪಿಕೊಂಡರೆ ವಿಚಾರಣೆಯ ಅಗತ್ಯವೇ ಬೀಳದು.

ಔಟಾದವನನ್ನು ಕೆರಳಿಸುವಂಥ ಮಾತು ಅಥವಾ ಸನ್ನೆಗೆ ಒಂದು ವಿಧಿ, ಎದುರಾಳಿಯನ್ನು ಬೈದುದಕ್ಕೆ ಬೇರೊಂದು ವಿಧಿ. ಸಿರಾಜ್ ಅವರ ಮೇಲೆ ಮೊದಲನೆಯದು, ಹೆಡ್ ಅವರ ಮೇಲೆ ಎರಡನೆಯದು. ತೀರ್ಪು ಕೊಟ್ಟ ರಂಜನ್ ಮದುಗಲೆ ಶ್ರೀಲಂಕಾದವರು. ವರ್ಣದ ಪಕ್ಷಪಾತವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಾಗಲಾರದು. ನಮ್ಮವರೇ ಆದ ಸುನಿಲ್ ಗಾವಸ್ಕರ್ ಕೂಡ, 140 ಹೊಡೆದವನಿಗೆ ಅಂಥ ಬೀಳ್ಕೊಡುಗೆ ಬೇಕಿರಲಿಲ್ಲವೆಂದು ಸಿರಾಜ್ ಅವರನ್ನು ಆಕ್ಷೇಪಿಸಿದರು. ಆದರೆ ಒಬ್ಬನಿಗೆ ದಂಡ ಏಕೆ ಬಿತ್ತು, ಮತ್ತೊಬ್ಬನಿಗೆ ಏಕೆ ಬೀಳಲಿಲ್ಲ ಎಂಬುದನ್ನು ಸಾಮಾನ್ಯ ಓದುಗನಿಗೆ ತಿಳಿಯುವಂತೆ ವಿವರಿಸುವ ಪದ್ಧತಿ ಆ ಮಂಡಳಿಗೆ ಇಲ್ಲ. ಪ್ರಕಟಣೆ ನಾಲ್ಕಾರು ವಾಕ್ಯಗಳಲ್ಲಿ ಮುಗಿಯುತ್ತದೆ, ಮಿಕ್ಕುದನ್ನು ಜನರ ಸಂಶಯ ತುಂಬಿಕೊಳ್ಳುತ್ತದೆ.

2025ರ ಜುಲೈಯಲ್ಲಿ ಲಾರ್ಡ್ಸಿನಲ್ಲಿ ಬೆನ್ ಡಕೆಟ್ ಅವರನ್ನು ಔಟು ಮಾಡಿ ಮುಖಕ್ಕೆ ಮುಖ ತಂದು ಕೂಗಿದ್ದಕ್ಕೆ ಸಿರಾಜ್ ಪುನಃ ಶೇಕಡ 15ರ ದಂಡ ತೆತ್ತರು. ಈ ಬಾರಿ ಅದನ್ನು ಪ್ರಶ್ನಿಸಿದವರು ಇಂಗ್ಲೆಂಡಿನ ಮಾಜಿ ಬೌಲರ್ ಸ್ಟುವರ್ಟ್ ಬ್ರಾಡ್. ಭಾರತದ ನಾಯಕ ಶುಭಮನ್ ಗಿಲ್ ನೇರಪ್ರಸಾರದಲ್ಲಿ ಕೆಟ್ಟ ಮಾತಾಡಿಯೂ ಪಾರಾದರು, ಸಿರಾಜ್ ಮಾತ್ರ ಸಿಕ್ಕಿಬಿದ್ದರು. ಇಬ್ಬರಿಗೂ ಒಂದೇ ಅಳತೆ ಬೇಡವೆ ಎಂಬುದು ಅವರ ವಾದ. ಗಿಲ್, ಸಿರಾಜ್ ಇಬ್ಬರೂ ಭಾರತದವರೇ ಆದ್ದರಿಂದ ಇಲ್ಲಿ ಬಣ್ಣದ ಪ್ರಶ್ನೆ ಏಳದು. ನಾಯಕನಿಗೂ ಬೌಲರನಿಗೂ ಬೇರೆ ಎಲೆ ಹಾಸಲಾಯಿತೇ ಎಂಬ ಪ್ರಶ್ನೆ ಏಳುತ್ತದೆ.

ಆರು ಮಂದಿಯ ಮೇಲೆ ಒಂದೇ ಏಟು

ಭಾರತದಲ್ಲಿ ಈ ದೂರು ಸಾರ್ವಜನಿಕ ಕೋಲಾಹಲವಾಗಿ ಬೆಳೆದದ್ದು 2001ರ ನವೆಂಬರಿನಲ್ಲಿ. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ತಿನ ಟೆಸ್ಟಿನಲ್ಲಿ ರೆಫರಿಯಾಗಿದ್ದ ಇಂಗ್ಲೆಂಡಿನ ಮಾಜಿ ನಾಯಕ ಮೈಕ್ ಡೆನೆಸ್, ಭಾರತದ ಆರು ಆಟಗಾರರನ್ನು ಒಂದೇ ಪಂದ್ಯದಲ್ಲಿ ಶಿಕ್ಷಿಸಿದರು. ಅಂಪೈರರ ಕಣ್ಣೆದುರಿಗಲ್ಲದೆ ಚೆಂಡಿನ ಹೊಲಿಗೆಯ ಮಣ್ಣನ್ನು ತೆಗೆದದ್ದಕ್ಕೆ ಸಚಿನ್ ತೆಂಡೂಲ್ಕರ್. ಅತಿಯಾದ ಅಪೀಲು ಮಾಡಿದ್ದಕ್ಕೆ ವೀರೇಂದ್ರ ಸೆಹವಾಗ್, ಹರ್ಭಜನ್ ಸಿಂಗ್, ಶಿವಸುಂದರ ದಾಸ್, ದೀಪ್ ದಾಸಗುಪ್ತಾ. ತಂಡವನ್ನು ಹತೋಟಿಯಲ್ಲಿಡದ ತಪ್ಪಿಗೆ ನಾಯಕ ಸೌರವ್ ಗಂಗೂಲಿ. ಸೆಹವಾಗ್ ಅವರಿಗೆ ಒಂದು ಟೆಸ್ಟಿನ ನಿಷೇಧವೇ ಬಿತ್ತು.

ದಕ್ಷಿಣ ಆಫ್ರಿಕಾದವರೂ ಅದೇ ಪಂದ್ಯದಲ್ಲಿ ಅಷ್ಟೇ ಗಟ್ಟಿಯಾಗಿ ಅಪೀಲು ಮಾಡಿದ್ದರು, ಅವರ ಮೇಲೆ ಒಂದು ಮಾತೂ ಬರಲಿಲ್ಲವೆಂಬುದು ಭಾರತೀಯರ ಆಕ್ಷೇಪ. ಡೆನೆಸ್ ಪತ್ರಕರ್ತರ ಮುಂದೆ ಬಂದು ಕುಳಿತರು, ಆದರೆ ತಮ್ಮ ತೀರ್ಪಿನ ಬಗ್ಗೆ ಉತ್ತರಿಸಲಿಲ್ಲ. ಇತ್ತ ಸಂಸತ್ತಿನಲ್ಲಿ ಗದ್ದಲವೆದ್ದಿತು. ಭಾರತದ ಮಂಡಳಿಯ ಅಧ್ಯಕ್ಷ ಜಗಮೋಹನ ದಾಲ್ಮಿಯಾ ರೆಫರಿಯನ್ನು ಬದಲಿಸಲು ಪಟ್ಟು ಹಿಡಿದರು. ಬದಲಿಸಿದ್ದಕ್ಕಾಗಿ ಸೆಂಚುರಿಯನ್ನಿನ ಮುಂದಿನ ಪಂದ್ಯ ಟೆಸ್ಟ್ ಎಂಬ ಮಾನ್ಯತೆಯನ್ನೇ ಕಳೆದುಕೊಂಡಿತು.

ಇದಕ್ಕೆ ಎದುರಾಗಿ ಇನ್ನೊಂದನ್ನು ಇಡಬೇಕು. 2004ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ನಮ್ಮ ರಾಹುಲ್ ದ್ರಾವಿಡ್ ಬಾಯಿಯಲ್ಲಿದ್ದ ಪೆಪ್ಪರಮಿಂಟಿನ ಎಂಜಲನ್ನು ಚೆಂಡಿಗೆ ಹಚ್ಚಿದ್ದು ಕ್ಯಾಮೆರಾದಲ್ಲಿ ಕಂಡು, ಸಂಭಾವನೆಯ ಅರ್ಧವನ್ನು ದಂಡವಾಗಿ ತೆತ್ತರು. ಸಂಸತ್ತು ಅಲುಗಲಿಲ್ಲ. ರೆಫರಿ ಗಯಾನಾದ ಕ್ಲೈವ್ ಲಾಯ್ಡ್ ಆಗಿದ್ದರು. ಕೃತ್ಯವನ್ನು ನೋಡುವ ಮೊದಲು ತೀರ್ಪುಗಾರನ ಮುಖವನ್ನು ನೋಡುವ ಅಭ್ಯಾಸ ನಮಗೂ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೈಚಳಕವೋ ಮೋಸವೋ

ನನ್ನನ್ನು ಕೇಳಿದರೆ, ಭೇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಶಿಕ್ಷೆಗಳಲ್ಲಿ ಸಿಕ್ಕುವುದಿಲ್ಲ, ಹೊಗಳಿಕೆ-ತೆಗಳಿಕೆಗಳಲ್ಲಿ ಸಿಕ್ಕುತ್ತದೆ. 1992ರ ಬೇಸಗೆಯಲ್ಲಿ ಪಾಕಿಸ್ತಾನದ ವಾಸಿಮ್ ಅಕ್ರಮ್, ವಕಾರ್ ಯೂನಿಸ್ ಇಬ್ಬರೂ ಹಳೆಯ ಚೆಂಡನ್ನು ಗಾಳಿಯಲ್ಲಿ ವಿಲೋಮವಾಗಿ ತಿರುಗಿಸಿ ಇಂಗ್ಲೆಂಡಿನ ಬ್ಯಾಟರುಗಳನ್ನು ಕಂಗೆಡಿಸಿದಾಗ, ಅಲ್ಲಿಯ ಪತ್ರಿಕೆಗಳ ಒಂದು ದೊಡ್ಡ ಭಾಗ ಅದನ್ನು ವಂಚನೆಯೆಂದೇ ಬಗೆಯಿತು. ಲಾರ್ಡ್ಸಿನ ಒಂದು ದಿನದ ಪಂದ್ಯದ ನಡುವೆ ಚೆಂಡನ್ನು ಬದಲಿಸಿದ್ದು ಆ ಸಂಶಯಕ್ಕೆ ತುಪ್ಪ ಸುರಿಯಿತು. 2005ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಫ್ಲಿಂಟಾಫ್, ಸೈಮನ್ ಜೋನ್ಸ್ ಅದೇ ವಿಲೋಮ ಸ್ವಿಂಗಿನಿಂದ ಆಸ್ಟ್ರೇಲಿಯಾವನ್ನು ಮಣಿಸಿದಾಗ, ಅದೇ ದೇಶ ಅದನ್ನು ಶಾಸ್ತ್ರವೆಂದೂ ಕಲೆಯೆಂದೂ ಕೊಂಡಾಡಿತು. ಈ ನಡುವೆ, 1994ರಲ್ಲಿ, ಇಂಗ್ಲೆಂಡಿನ ನಾಯಕ ಮೈಕಲ್ ಅಥರ್ಟನ್ ಜೇಬಿನಲ್ಲಿಟ್ಟುಕೊಂಡ ಮಣ್ಣನ್ನು ಚೆಂಡಿಗೆ ಸವರಿ ಸಿಕ್ಕಿಬಿದ್ದಿದ್ದರು. ದಂಡ ತೆತ್ತರು, ನಾಯಕತ್ವ ಉಳಿಯಿತು.

ಬಿಳಿಯರು ತಮ್ಮವರನ್ನು ಎಂದೂ ಶಿಕ್ಷಿಸುವುದಿಲ್ಲವೆಂದು ಇದರಿಂದ ತಿಳಿಯಬಾರದು. 2018ರಲ್ಲಿ ಕೇಪ್‌ಟೌನಿನಲ್ಲಿ ಉಪ್ಪುಕಾಗದದಿಂದ ಚೆಂಡನ್ನು ಉಜ್ಜಿದ ಪ್ರಕರಣದಲ್ಲಿ ಸ್ಟೀವ್ ಸ್ಮಿತ್, ಡೇವಿಡ್ ವಾರ್ನರ್ ಅವರಿಗೆ ಒಂದೊಂದು ವರ್ಷದ, ಕ್ಯಾಮರನ್ ಬ್ಯಾಂಕ್ರಾಫ್ಟ್ ಅವರಿಗೆ ಒಂಬತ್ತು ತಿಂಗಳ ನಿಷೇಧ ವಿಧಿಸಿದ್ದು ಆಸ್ಟ್ರೇಲಿಯಾದ ಮಂಡಳಿಯೇ.

ಟೆನ್ನಿಸಿನಲ್ಲಿಯೂ ಇದೇ ಚರ್ಚೆ. 2018ರ ಅಮೆರಿಕನ್ ಓಪನ್ ಫೈನಲಿನಲ್ಲಿ ಅಂಪೈರ್ ಕಾರ್ಲೋಸ್ ರಾಮೋಸ್ ಅವರೊಡನೆ ಜಗಳವಾಡಿದ ಸೆರೀನಾ ವಿಲಿಯಮ್ಸ್ 17,000 ಡಾಲರ್ ದಂಡ ತೆತ್ತರು. ಮೆಲ್ಬರ್ನಿನ ಪತ್ರಿಕೆಯೊಂದು ಅವರನ್ನು ದಪ್ಪತುಟಿಯ, ಕಾಲು ನೆಲಕ್ಕೆ ಅಪ್ಪಳಿಸುವ ರೌದ್ರರೂಪಿಯಾಗಿ ವ್ಯಂಗ್ಯಚಿತ್ರದಲ್ಲಿ ಬರೆದು ವಿಶ್ವದ ಆಕ್ರೋಶಕ್ಕೆ ಗುರಿಯಾಯಿತು. ಜಾನ್ ಮೆಕೆನ್ರೋ ಸಹ ಅಂಪೈರರನ್ನು ಬೈದು ದಂಡ ತೆತ್ತವರೇ, 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಪಂದ್ಯದಿಂದಲೇ ಹೊರಹಾಕಲ್ಪಟ್ಟವರೇ. ಆದರೆ ಅವರ ಕೋಪವನ್ನು ಜನ ಕಾಲಕ್ರಮದಲ್ಲಿ ಒಂದು ವಿನೋದವಾಗಿ ನೆನೆದರು. ನಿಯಮಪುಸ್ತಕ ಇಬ್ಬರಿಗೂ ಒಂದೇ ಇದ್ದೀತು, ಜನರ ನೆನಪು ಒಂದೇ ಆಗಿ ಉಳಿಯಲಿಲ್ಲ.

ಬೆರಳು ನಮ್ಮತ್ತ ತಿರುಗಿದಾಗ

2008ರ ಜನವರಿಯ ಸಿಡ್ನಿ ಟೆಸ್ಟನ್ನು ಕನ್ನಡಿಗರು ಅನಿಲ್ ಕುಂಬ್ಳೆಯವರ ಮಾತಿನಿಂದ ನೆನೆಯುತ್ತಾರೆ. ಒಂದು ತಂಡ ಮಾತ್ರ ಆಟದ ಧರ್ಮಕ್ಕೆ ಅನುಸಾರವಾಗಿ ಆಡಿತೆಂದು ಅವರು ನಾಯಕನ ಗಾಂಭೀರ್ಯದಿಂದ ನುಡಿದಿದ್ದರು. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಅವರನ್ನು ಹರ್ಭಜನ್ ಕೋತಿಯೆಂದು ಕರೆದರೆಂಬ ಆರೋಪವನ್ನು ನಂಬಿ ರೆಫರಿ ಮೈಕ್ ಪ್ರಾಕ್ಟರ್ ಮೂರು ಟೆಸ್ಟುಗಳ ನಿಷೇಧ ವಿಧಿಸಿದ್ದರು. ತೆಂಡೂಲ್ಕರರ ಸಾಕ್ಷ್ಯಕ್ಕಿಂತ ಆಸ್ಟ್ರೇಲಿಯನ್ನರ ಸಾಕ್ಷ್ಯ ಹೆಚ್ಚಾಯಿತೆ ಎಂದು ಭಾರತ ಕೆರಳಿತು. ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಮೇಲ್ಮನವಿಯಲ್ಲಿ ಜನಾಂಗನಿಂದನೆಯ ಆರೋಪವನ್ನು ತೆಗೆದು, ಬೈಗುಳದ ಅಪರಾಧವನ್ನಷ್ಟೆ ಉಳಿಸಿ, ಅರ್ಧ ಸಂಭಾವನೆಯ ದಂಡಕ್ಕೆ ಇಳಿಸಿದರು.

ಆ ಕಥೆಯ ಮೊದಲ ಅಧ್ಯಾಯವನ್ನು ನಾವು ನೆನೆಯುವುದು ಕಡಿಮೆ. 2007ರ ಅಕ್ಟೋಬರಿನಲ್ಲಿ, ವಡೋದರದಲ್ಲಿಯೂ ಬಳಿಕ ಮುಂಬಯಿಯ ವಾಂಖೆಡೆಯಲ್ಲಿಯೂ, ಇದೇ ಸೈಮಂಡ್ಸ್ ಅವರನ್ನು ನೋಡಿ ನಮ್ಮ ಪ್ರೇಕ್ಷಕರು ಕೋತಿಯ ಕೂಗು ಕೂಗಿದ್ದರು. ಕೆರಿಬಿಯನ್ ಮೂಲದ ಆ ಮನುಷ್ಯನಿಗೆ ಅದು ಏನೆಂದು ಕೇಳಿಸಿತೆಂಬುದನ್ನು ಬಿಟ್ಟು, ಜನರು ಅಂದದ್ದು ಅದಲ್ಲ, ಬೇರೇನೋ ಎಂಬ ಸಮಜಾಯಿಷಿಗಳು ಇಲ್ಲಿ ಹುಟ್ಟಿದವು. ಸಿಡ್ನಿಯ ಗ್ಯಾಲರಿ ಸಿರಾಜ್ ಅವರಿಗೆ ಮಾಡಿದ್ದನ್ನು ಖಂಡಿಸುವ ಅಧಿಕಾರ ನಮಗೆ ನಿಸ್ಸಂದೇಹವಾಗಿ ಉಂಟು; ವಾಂಖೆಡೆಯ ಗ್ಯಾಲರಿಯನ್ನು ಅದೇ ಗಟ್ಟಿ ಧ್ವನಿಯಲ್ಲಿ ಖಂಡಿಸಿದ್ದರೆ ಅದಕ್ಕೆ ತೂಕ ಹೆಚ್ಚುತ್ತಿತ್ತು. ಇನ್ನು ಸಿರಾಜ್ ಅವರೇ ಹೇಳಿಕೊಂಡಂತೆ, 2019ರ ಐಪಿಎಲ್ಲಿನಲ್ಲಿ ಚೆನ್ನಾಗಿ ಆಡದಿದ್ದಾಗ, ಕ್ರಿಕೆಟ್ ಬಿಟ್ಟು ತಂದೆಯ ಜೊತೆ ಆಟೋ ಓಡಿಸೆಂದು ಅವರಿಗೆ ಬರೆದವರು ಆಸ್ಟ್ರೇಲಿಯಾದವರಲ್ಲ.

ಧಾರವಾಡದಲ್ಲಿ ಹುಟ್ಟಿದ ಬೌಲರು

ಈ ಭೇದದ ಭಾರತೀಯ ಮೂಲವನ್ನು ಹುಡುಕಿದರೆ ಪಳವಣಕರ್ ಬಾಲೂ ಅವರ ಹೆಸರಿಗೆ ಬಂದು ನಿಲ್ಲಬೇಕು. ಧಾರವಾಡದಲ್ಲಿ, ಚಮ್ಮಾರರ ಕುಟುಂಬದಲ್ಲಿ ಹುಟ್ಟಿದ ಬಾಲೂ ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಪಿಚ್ಚನ್ನು ಉರುಳುಗಲ್ಲಿನಿಂದ ಹದಮಾಡುತ್ತ, ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ದುಡಿಯುತ್ತ, ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ನಿನಲ್ಲಿ ಅಸಾಧಾರಣ ಪ್ರಾವೀಣ್ಯವನ್ನು ಗಳಿಸಿದರು. ಅವರಿಲ್ಲದೆ ಗೆಲ್ಲುವುದು ಅಸಾಧ್ಯವೆಂದು ಕಂಡ ಪುಣೆಯ ಹಿಂದೂ ಕ್ಲಬ್ಬು ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು, ಆದರೆ ವಿರಾಮದ ವೇಳೆಯಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ ಕೊಟ್ಟರು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಇಲ್ಲಿ ಪಂಕ್ತಿಭೇದವೆಂಬುದು ಉಪಮೆಯಾಗಿ ಉಳಿಯುವುದಿಲ್ಲ.

1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ಪರವಾಗಿ ಅವರು 114 ವಿಕೆಟ್ಟುಗಳನ್ನು ಪಡೆದರು. ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಅವರನ್ನು ಕೈಬಿಟ್ಟು ಅವರ ತಮ್ಮಂದಿರನ್ನೂ ಬದಿಗಿಟ್ಟು ಬೇರೊಬ್ಬರಿಗೆ ನಾಯಕತ್ವ ವಹಿಸಲು ಹೊರಟಾಗ ವಿಠಲ, ಶಿವರಾಮ ಇಬ್ಬರೂ ತಂಡದಿಂದ ಹೊರನಡೆದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಶಿಸ್ತುಭಂಗ. ಆದರೆ ಆ ಶಿಸ್ತುಭಂಗದ ಫಲವಾಗಿಯೇ ಬಾಲೂ ಉಪನಾಯಕರಾದರು, 1923ರಲ್ಲಿ ವಿಠಲ ನಾಯಕರಾದರು.

ನೂರು ವರ್ಷಗಳ ಅನಂತರ, 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ಸಿನ ಹಾಕಿ ಸೆಮಿಫೈನಲಿನಲ್ಲಿ ಭಾರತದ ಮಹಿಳೆಯರು ಅರ್ಜೆಂಟೀನಾಕ್ಕೆ ಸೋತಾಗ, ಹರಿದ್ವಾರದ ಬಳಿ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಕೆಲವರು ಪಟಾಕಿ ಹಚ್ಚಿ ಜಾತಿಯ ಹೆಸರೆತ್ತಿ ಬೈದರು. ಕೆಲವೇ ದಿನಗಳ ಹಿಂದೆ ದಕ್ಷಿಣ ಆಫ್ರಿಕಾದ ಮೇಲೆ ಹ್ಯಾಟ್ರಿಕ್ ಗೋಲು ಹೊಡೆದವರು ವಂದನಾ. ಸೋತದ್ದು ತಂಡ, ಲೆಕ್ಕ ಕೇಳಿದ್ದು ಒಬ್ಬಳನ್ನು.

ಮಗಳೋ ಸೊಸೆಯೋ

ಹೈದರಾಬಾದಿನಲ್ಲಿ ಬೆಳೆದ ಟೆನ್ನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಅವರ ಅನುಭವ ಇನ್ನೂ ಸೂಕ್ಷ್ಮವಾದುದು. 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಅವರು ಕಾಲು ಚಾಚಿ ಕುಳಿತಿದ್ದಾಗ ಎದುರಿಗೆ ರಾಷ್ಟ್ರಧ್ವಜವಿದ್ದ ಚಿತ್ರವೊಂದು ಪ್ರಕಟವಾಗಿ, ಭೋಪಾಲದಲ್ಲಿ ಮೊಕದ್ದಮೆ ಹೂಡಲಾಯಿತು. ಹಿಂದಿನ ವರ್ಷ ಜಮೈಕಾದಲ್ಲಿ ತ್ರಿವರ್ಣದ ಕೇಕನ್ನು ಕತ್ತರಿಸಿದ್ದಕ್ಕೆ ತೆಂಡೂಲ್ಕರರ ಮೇಲೂ ದೂರು ಬಂದಿತ್ತು. ಆದ್ದರಿಂದ ಕಾನೂನು ಇಬ್ಬರನ್ನೂ ಕರೆಯಿತೆಂದೇ ಹೇಳಬೇಕು. ವ್ಯತ್ಯಾಸ ಬೇರೆಡೆ ಇದೆ: ತೆಂಡೂಲ್ಕರರ ದೇಶಭಕ್ತಿಯನ್ನು ಯಾರೂ ಸಂದೇಹಿಸಲಿಲ್ಲ, ಸಾನಿಯಾ ಅವರದನ್ನು ಸಂದೇಹಿಸಿದರು. ವಿವಾದಗಳಿಂದ ಬೇಸತ್ತ ಅವರು ಆ ವರ್ಷ ಬೆಂಗಳೂರಿನ ಟೂರ್ನಿಯಲ್ಲಿ ಆಡಲೇ ಇಲ್ಲ. 2014ರಲ್ಲಿ ಹೊಸ ತೆಲಂಗಾಣ ರಾಜ್ಯ, ಪಾಕಿಸ್ತಾನದ ಕ್ರಿಕೆಟಿಗನನ್ನು ಮದುವೆಯಾಗಿದ್ದ ಅವರನ್ನು ತನ್ನ ರಾಯಭಾರಿಯಾಗಿ ಆರಿಸಿದಾಗ, ಪಾಕಿಸ್ತಾನದ ಸೊಸೆಗೆ ಈ ಗೌರವವೇ ಎಂದು ಇದೇ ರಾಜ್ಯದ ರಾಜಕಾರಣಿಯೊಬ್ಬರು ಆಕ್ಷೇಪವೆತ್ತಿದರು.

ಪರಸ್ಥಳದ ಅಂಪೈರು

ಕ್ರೀಡಾಲೋಕ ಈ ರೋಗಕ್ಕೆ ಮದ್ದನ್ನು ಹುಡುಕದೆ ಕುಳಿತಿಲ್ಲ. ಆತಿಥೇಯ ದೇಶದ ಅಂಪೈರರು ತಮ್ಮವರ ಪಕ್ಷ ವಹಿಸುತ್ತಾರೆಂಬ ದೂರು ಮುಗಿಯದಿದ್ದಾಗ, 1986ರಲ್ಲಿ ಪಾಕಿಸ್ತಾನ ಲಾಹೋರಿನ ಟೆಸ್ಟಿಗೆ ಭಾರತದಿಂದ ವಿ.ಕೆ. ರಾಮಸ್ವಾಮಿ, ಪೀಲೂ ರಿಪೋರ್ಟರ್ ಇಬ್ಬರನ್ನು ಕರೆಸಿಕೊಂಡಿತು. ವೆಸ್ಟ್ ಇಂಡೀಸಿನ ಎದುರಿನ ಪಂದ್ಯಕ್ಕೆ ಪಾಕಿಸ್ತಾನ ಭಾರತೀಯರನ್ನು ನಂಬಿದ್ದು ಸಣ್ಣ ಸಂಗತಿಯಲ್ಲ. 1991ರಿಂದ ರೆಫರಿಗಳು ಬಂದರು. 1994ರಿಂದ ಪ್ರತಿ ಟೆಸ್ಟಿಗೆ ಒಬ್ಬ, 2002ರಿಂದ ಇಬ್ಬರು ಪರದೇಶದ ಅಂಪೈರರು. ಜಿ.ಆರ್. ವಿಶ್ವನಾಥ್, ಜಾವಗಲ್ ಶ್ರೀನಾಥ್ ಅವರಂಥ ಕನ್ನಡಿಗರು ರೆಫರಿಗಳಾಗಿ ಎಲ್ಲ ಬಣ್ಣದ ಆಟಗಾರರಿಗೂ ತೀರ್ಪು ಕೊಟ್ಟರು. ತೀರ್ಪು ಕೊಡುವವನು ಪರಸ್ಥಳದವನಾದರೆ ಭೇದ ಪೂರ್ತಿ ಅಳಿಯದು, ಆದರೆ ಸಂಶಯದ ಅರ್ಧ ಬೇರು ಸಡಿಲವಾಗುತ್ತದೆ.

ನಮ್ಮ ಊರುಗಳ ಟೆನ್ನಿಸ್ ಬಾಲ್ ಟೂರ್ನಿಗಳಲ್ಲಿ, ಕಬಡ್ಡಿಯ ಅಂಕಣಗಳಲ್ಲಿ ಈ ಅರ್ಧ ಬೇರು ಇನ್ನೂ ಗಟ್ಟಿಯಾಗಿಯೇ ಇದೆ. ಸಾಹುಕಾರರ ಮಗ ಅಂಪೈರನಿಗೆ ಎದುರುಮಾತಾಡಿದರೆ ಹುಡುಗ ಚುರುಕು. ಕೇರಿಯ ಹುಡುಗ ಅದನ್ನೇ ಆಡಿದರೆ ಮುಂದಿನ ವರ್ಷ ಆ ತಂಡಕ್ಕೆ ಕರೆಯೇ ಹೋಗುವುದಿಲ್ಲ. ಆದ್ದರಿಂದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಟೂರ್ನಿಗಳ ವ್ಯವಸ್ಥಾಪಕರಲ್ಲಿ ಒಂದು ವಿನಂತಿ: ಬರುವ ಜಾತ್ರೆಯ ಪಂದ್ಯಗಳಿಗೆ ಪಕ್ಕದ ತಾಲ್ಲೂಕಿನಿಂದ ಅಂಪೈರರನ್ನು ಕರೆಸಿರಿ, ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದನ್ನು ಟಾಸಿಗೆ ಮೊದಲೇ ಎರಡೂ ತಂಡದವರಿಗೆ ಓದಿ ಹೇಳಿಸಿ, ಹಲಗೆಯ ಮೇಲೆ ಬರೆಸಿರಿ, ಶಿಕ್ಷೆ ಕೊಟ್ಟಾಗ ಕಾರಣವನ್ನು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿರಿ.